ಬಂಗುಡೆ, ಹೆಜ್ಜೇನು, ನೋವಿನ ಮಾತ್ರೆ: ತೀವ್ರ ಅಲರ್ಜಿ 'ರಕ್ತದಲ್ಲೇ ಬಂದದ್ದೇ'?

ಮಂಗಳೂರಿನ ಒಂದು ಮನೆ ಎಂದುಕೊಳ್ಳಿ. ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಊಟವಾಗಿದೆ. ಅರ್ಧ ಗಂಟೆಯೊಳಗೆ ಅಪ್ಪ, ಮಗಳು, ಅತ್ತೆ ಮೂವರ ಮುಖವೂ ಕೆಂಪೇರುತ್ತದೆ. ತಲೆನೋವು, ಎದೆ ಡವಡವ, ಮೈಯೆಲ್ಲ ಬಿಸಿ, ಅಲ್ಲಲ್ಲಿ ಗಂಧೆ. ಸಂಜೆಯ ಹೊತ್ತಿಗೆ ಎಲ್ಲರೂ ಸರಿಯಾಗುತ್ತಾರೆ. ಆದರೆ ಒಂದು ತೀರ್ಪು ಮಾತ್ರ ಉಳಿದುಬಿಡುತ್ತದೆ: "ನಮ್ಮ ಮನೆತನಕ್ಕೇ ಮೀನು ಆಗುವುದಿಲ್ಲ, ರಕ್ತದಲ್ಲೇ ಬಂದದ್ದು." ಅಲ್ಲಿಂದ ಮುಂದೆ ಆ ಮನೆಯ ಮಕ್ಕಳ ತಟ್ಟೆಯಿಂದ ಮೀನು ಮಾಯ.

ಇನ್ನೊಂದು ಕಡೆ, ಘಟ್ಟದ ಬುಡದ ಅಡಿಕೆ ತೋಟದಲ್ಲಿ ನಲವತ್ತೈದರ ಗಂಡಸೊಬ್ಬನಿಗೆ ಒಂದೇ ಒಂದು ಹೆಜ್ಜೇನು ಕುಟುಕುತ್ತದೆ. ಗಂಧೆ ಇಲ್ಲ, ತುರಿಕೆ ಇಲ್ಲ, ತುಟಿ ಊದಿಲ್ಲ. ಐದು ನಿಮಿಷದಲ್ಲಿ ಕಣ್ಣು ಕತ್ತಲೆ ಬಂದು ಕುಸಿಯುತ್ತಾನೆ. ಎಚ್ಚರವಾದ ಮೇಲೆ ಸುತ್ತಲಿನವರು ಹೇಳುವುದು "ಬಿಪಿ ಇಳಿದಿತ್ತು, ಹೆದರಿದ್ದ, ಬಿಸಿಲು ಜಾಸ್ತಿ ಇತ್ತು" ಎಂದು. ಗಂಧೆಯೇ ಏಳದಿದ್ದ ಮೇಲೆ ಅಲರ್ಜಿ ಎಲ್ಲಿಂದ ಬಂತು, ಅಲ್ಲವೇ?

ಎರಡೂ ತೀರ್ಪುಗಳು ಬಹುಮಟ್ಟಿಗೆ ತಲೆಕೆಳಗು. ಮೊದಲ ಮನೆಯ ತೊಂದರೆಗೂ ವಂಶವಾಹಿಗಳಿಗೂ ಸಂಬಂಧವೇ ಇರದ ಸಾಧ್ಯತೆ ಹೆಚ್ಚು. ಎರಡನೆಯವನ ದೇಹದಲ್ಲಿ ಒಂದು ಜೀನ್ ನಿಜವಾಗಿಯೂ ಕೆಟ್ಟಿರಬಹುದು; ಆದರೆ ಅದು ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಜೀನ್ ಬೇರೆ, ಆನುವಂಶಿಕತೆ ಬೇರೆ. ಈ ವ್ಯತ್ಯಾಸ ಪರೀಕ್ಷೆಯಲ್ಲಿ ಅಂಕ ತರುವ ಸಂಗತಿ ಮಾತ್ರವಲ್ಲ. ತೋಟದ ಆ ಮನುಷ್ಯ ಮುಂದಿನ ಜೇನುಕುಟುಕಿನಲ್ಲಿ ಬದುಕುತ್ತಾನೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿರಬಹುದು.

ಕೊಬ್ಬಿದ ಕೋಶಗಳು

ನಮ್ಮ ಚರ್ಮ, ಶ್ವಾಸನಾಳ, ಕರುಳು, ರಕ್ತನಾಳಗಳ ಅಕ್ಕಪಕ್ಕ, ಅಂದರೆ ಹೊರಗಿನ ವಸ್ತು ಒಳನುಗ್ಗುವ ಬಾಗಿಲುಗಳಲ್ಲೆಲ್ಲ, ಮಾಸ್ಟ್ ಕೋಶಗಳು ಕೂತಿರುತ್ತವೆ. ಜರ್ಮನಿಯ ಪೌಲ್ ಎರ್ಲಿಚ್ 1878ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ತನ್ನ ಪ್ರಬಂಧದಲ್ಲಿ ಇವುಗಳನ್ನು ವಿವರಿಸಿದ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ತುಂಬ ಕಾಳುಕಾಳು. ಚೆನ್ನಾಗಿ ತಿಂದು ಕೊಬ್ಬಿದ ಕೋಶ ಎಂದು ಭಾವಿಸಿ ಜರ್ಮನ್ ಭಾಷೆಯಲ್ಲಿ ಆ ಅರ್ಥದ ಹೆಸರಿಟ್ಟ. ಆ ಕಾಳುಗಳು ಕೊಬ್ಬಲ್ಲ, ಮದ್ದುಗುಂಡು: ಹಿಸ್ಟಮೀನ್, ಟ್ರಿಪ್ಟೇಸ್ ಎಂಬ ಕಿಣ್ವ, ಇನ್ನೂ ಹತ್ತಾರು ರಾಸಾಯನಿಕಗಳು. ಕೋಶ ಸಿಡಿದಾಗ ಇವು ಹೊರಬೀಳುತ್ತವೆ. ರಕ್ತನಾಳಗಳು ಹಿಗ್ಗಿ ಸೋರುತ್ತವೆ, ಚರ್ಮ ಊದುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಒಂದು ಜಾಗದಲ್ಲಿ ಆದರೆ ಗಂಧೆ. ಮೈಯೆಲ್ಲ ಒಮ್ಮೆಗೇ ಆದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಇದೇ ಅನಾಫೈಲ್ಯಾಕ್ಸಿಸ್.

ಈ ಹೆಸರಿನ ಹುಟ್ಟಿಗೆ ಕಾರಣ ಒಂದು ಸಮುದ್ರಜೀವಿ. ಕರಾವಳಿಯವರಿಗೆ ಕುತೂಹಲ ಆಗಬಹುದು. ಮೊನಾಕೊದ ರಾಜಕುಮಾರನ ಹಡಗಿನಲ್ಲಿ ಹೋಗಿದ್ದ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ, ಲೋಳೆಮೀನಿನಂಥ ಜೀವಿಯೊಂದರ ವಿಷದ ಅಧ್ಯಯನ ಶುರುಮಾಡಿದರು. ಊರಿಗೆ ಮರಳಿ ಸಮುದ್ರದ ಹೂವೆಂದು ಕರೆಯುವ ಜೀವಿಯ ವಿಷವನ್ನು ನಾಯಿಗಳಿಗೆ ಕೊಟ್ಟರು. ಸ್ವಲ್ಪ ಸ್ವಲ್ಪ ಕೊಟ್ಟರೆ ತಡೆದುಕೊಳ್ಳುವ ಶಕ್ತಿ ಬರಬೇಕೆಂಬುದು ಅವರ ಎಣಿಕೆ. ಆದರೆ ಕೆಲವು ವಾರ ಬಿಟ್ಟು ಎರಡನೆಯ ಸಲ ಕೊಟ್ಟ ಅಲ್ಪ ಪ್ರಮಾಣಕ್ಕೇ ನಾಯಿ ಅರ್ಧ ಗಂಟೆಯೊಳಗೆ ಸತ್ತಿತು. ರಕ್ಷಣೆಗೆ ವಿರುದ್ಧವಾದದ್ದು ಎಂಬ ಅರ್ಥದಲ್ಲಿ 1902ರಲ್ಲಿ ಈ ಹೆಸರು ಕೊಟ್ಟರು. ರಿಶೆಗೆ 1913ರಲ್ಲಿ ನೊಬೆಲ್ ಬಂತು. ಎರಡನೆಯ ಸಲ ದೇಹ ಗುರುತು ಹಿಡಿಯುವುದು ಹೇಗೆ ಎನ್ನುವುದಕ್ಕೆ ಉತ್ತರ ಸಿಕ್ಕಿದ್ದು 1960ರ ದಶಕದ ಕೊನೆಗೆ, ಐಜಿಇ ಎಂಬ ಪ್ರತಿಕಾಯ ಪತ್ತೆಯಾದಾಗ. ಐಜಿಇಗಳು ಮಾಸ್ಟ್ ಕೋಶದ ಮೈಮೇಲೆ ಕೂತು ಕಾಯುತ್ತವೆ. ತಮಗೆ ಗುರುತಿರುವ ವಸ್ತು, ಅದು ಸಿಗಡಿಯ ಪ್ರೋಟೀನ್ ಇರಲಿ, ಜೇನಿನ ವಿಷ ಇರಲಿ, ಎದುರಾದಾಗ ಕೋಶವನ್ನು ಸಿಡಿಸುತ್ತವೆ.

ಐಜಿಇ ಇಲ್ಲದೆಯೂ ಮಾಸ್ಟ್ ಕೋಶ ಸಿಡಿಯಬಹುದು. ಅರಿವಳಿಕೆಯ ವೇಳೆ ಕೊಡುವ ಕೆಲವು ಸ್ನಾಯು ಸಡಿಲಿಸುವ ಔಷಧಗಳು, ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಪ್ರತಿಜೀವಕಗಳು ನೇರವಾಗಿ ಕೋಶದ ಒಂದು ಗ್ರಾಹಿಯನ್ನು ತಟ್ಟುತ್ತವೆಂದು 2015ರಲ್ಲಿ ತಿಳಿದುಬಂತು. ಮೊದಲ ಸಲ ತೆಗೆದುಕೊಂಡ ಮದ್ದಿಗೇ ಕೆಲವರು ಕೆಂಪೇರಿ ತುರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ನೋವಿನ ಮಾತ್ರೆಗಳ ದಾರಿ ಮತ್ತೂ ಬೇರೆ: ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥವು ತಾವಾಗಿ ಪ್ರತಿಕ್ರಿಯೆ ತರಬಹುದು, ಅಥವಾ ಆಹಾರದಿಂದ ಆಗುತ್ತಿದ್ದ ಸಣ್ಣ ಪ್ರತಿಕ್ರಿಯೆಯನ್ನು ದೊಡ್ಡದು ಮಾಡಬಹುದು. ಮದ್ಯ, ವ್ಯಾಯಾಮ, ಜ್ವರ ಇವೂ ಹಾಗೆ ಕೈಜೋಡಿಸುತ್ತವೆ. ಸಿಗಡಿ ತಿಂದಾಗಲೆಲ್ಲ ಏನೂ ಆಗದೆ ಒಂದು ದಿನ ಮಾತ್ರ ಆಗುವುದರ ಹಿಂದೆ ಇಂಥ ಜೊತೆಗಾರರು ಇರುವುದುಂಟು.

ತಪ್ಪು ಮೀನಿನದ್ದಾದಾಗ

ಈಗ ಬಂಗುಡೆಯ ಮನೆಗೆ ಹೋಗೋಣ. ಬಂಗುಡೆ, ಅಂಜಲ್, ಕೇದರ ಒಂದೇ ಕುಟುಂಬದ ಮೀನುಗಳು. ಇವುಗಳ ಮಾಂಸದಲ್ಲಿ, ಬೂತಾಯಿಯ ಮಾಂಸದಲ್ಲೂ, ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಧಾರಾಳ. ಹಿಡಿದ ಮೀನಿಗೆ ಬೇಗ ಐಸ್ ಬೀಳದಿದ್ದರೆ ಬ್ಯಾಕ್ಟೀರಿಯಾಗಳು ಈ ಹಿಸ್ಟಿಡಿನ್ ಅನ್ನು ಹಿಸ್ಟಮೀನ್ ಆಗಿ ಬದಲಿಸುತ್ತವೆ. ನಿಮ್ಮ ಮಾಸ್ಟ್ ಕೋಶ ಹೊರಹಾಕಬೇಕಾದದ್ದನ್ನು ಮೀನೇ ಸಿದ್ಧಪಡಿಸಿ ತಟ್ಟೆಗೆ ತಂದಂತಾಯಿತು. ಎಷ್ಟು ಕುದಿಸಿದರೂ, ಹುಣಸೆಹುಳಿ ಎಷ್ಟು ಹಾಕಿದರೂ, ಮತ್ತೆ ಫ್ರೀಜರಿನಲ್ಲಿಟ್ಟರೂ ಉತ್ಪತ್ತಿಯಾದ ಹಿಸ್ಟಮೀನ್ ನಾಶವಾಗುವುದಿಲ್ಲ. ಮೀನು ನೋಡಲು ಚೆನ್ನಾಗಿಯೇ ಇರಬಹುದು. ಬಾಯಿಗೆ ಮೆಣಸಿನಂಥ ಚುರುಕು ಹತ್ತಿದರೆ ಅದೊಂದು ಸುಳಿವು, ಆದರೆ ನಮ್ಮ ಮಸಾಲೆಯ ನಡುವೆ ಆ ಸುಳಿವನ್ನು ಹಿಡಿಯುವವರು ಯಾರು! ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಕಿಲೋ ಮೀನಿನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಹಿಸ್ಟಮೀನ್ ಇರಬಾರದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಮಾರುಕಟ್ಟೆಯಲ್ಲಿ ಸಿಗುವ ಮೀನಿನಲ್ಲಿ ಹೊರಗಿನಿಂದ ದೂರ ಪಯಣಿಸಿ ಬಂದದ್ದೇ ಹೆಚ್ಚು. ದಾರಿಯಲ್ಲಿ ಎಲ್ಲೋ ಐಸ್ ಕರಗಿ ಮೀನು ಬೆಚ್ಚಗಾದರೆ ಸಾಕು, ಆಮೇಲೆ ಮತ್ತೆ ಐಸ್ ಹಾಕಿದರೂ ಆದದ್ದು ಆಯಿತು.

ಇದನ್ನು ಅಲರ್ಜಿಯಿಂದ ಬೇರ್ಪಡಿಸಲು ಒಂದು ಸರಳ ಪ್ರಶ್ನೆ ಸಾಕಾಗುತ್ತದೆ: ಅದೇ ಮೀನು ತಿಂದ ಬೇರೆಯವರಿಗೂ ಆಯಿತೇ? ಒಂದೇ ಮನೆಯ ಮೂವರು, ಅದರಲ್ಲಿ ಅತ್ತೆಯಂಥ ರಕ್ತಸಂಬಂಧ ಇಲ್ಲದವರೂ ಸೇರಿ, ಒಮ್ಮೆಗೇ ಕೆಂಪೇರಿದರೆ ಸಂಶಯ ಮೀನಿನ ಮೇಲೆ ಹೋಗಬೇಕು. ಹಿಂದೆ ನೂರು ಸಲ ಬಂಗುಡೆ ತಿಂದು ಏನೂ ಆಗದಿದ್ದರೆ ಇನ್ನಷ್ಟು ಗಟ್ಟಿ. ಕ್ಷಯಕ್ಕೆ ಐಸೋನಿಯಜಿಡ್ ತೆಗೆದುಕೊಳ್ಳುತ್ತಿರುವವರಲ್ಲಿ ಹಿಸ್ಟಮೀನ್ ಕರಗಿಸುವ ಕಿಣ್ವ ಮಂಕಾಗಿರುವುದರಿಂದ, ಉಳಿದವರು ಅರಗಿಸಿಕೊಂಡ ಮೀನೇ ಅವರನ್ನು ಮಲಗಿಸಬಹುದು. ಕ್ಷಯದ ಮದ್ದು ನುಂಗುವವರು ಕಡಿಮೆಯಿಲ್ಲದ ನಮ್ಮ ದೇಶದಲ್ಲಿ ಇದನ್ನು ಇನ್ನೂ ಹೆಚ್ಚು ಜನ ತಿಳಿದಿರಬೇಕಿತ್ತು.

ಮನೆತನದಲ್ಲಿ ಹರಿಯುವುದು ಏನು?

ಹಾಗಾದರೆ ಅಲರ್ಜಿ ವಂಶದಲ್ಲಿ ಬರುವುದೇ ಇಲ್ಲವೇ? ಖಂಡಿತ ಬರುತ್ತದೆ. ಆದರೆ ಬರುವುದು 'ಸಿಗಡಿಯ ಅಲರ್ಜಿ' ಎಂಬ ಸಿದ್ಧ ವಸ್ತುವಲ್ಲ. ಐಜಿಇ ಸುಲಭವಾಗಿ ತಯಾರಿಸುವ ಒಲವು. ಅಪ್ಪನಿಗೆ ಉಬ್ಬಸ, ಮಗಳಿಗೆ ಇಸುಬು, ಮೊಮ್ಮಗನಿಗೆ ಬೆಳಗಾದರೆ ಸೀನು, ಹೀಗೆ ರೂಪ ಬದಲಿಸುತ್ತ ಹೋಗುತ್ತದೆ. ಇದರ ಹಿಂದೆ ಒಂದಲ್ಲ, ಹಲವಾರು ಜೀನ್‌ಗಳಿವೆ. ಪ್ರತಿಯೊಂದರ ಪಾಲು ಸಣ್ಣದು. ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಇವುಗಳಲ್ಲಿ ಚೆನ್ನಾಗಿ ತಿಳಿದಿರುವುದು. ಅದು ಕೆಟ್ಟರೆ ಚರ್ಮ ಸೋರುವ ಹಂಚಿನ ಮನೆಯಂತಾಗಿ, ಹೊರಗಿನ ವಸ್ತುಗಳು ಒಳಸೇರಿ ಅಲರ್ಜಿಗೆ ದಾರಿ ಮಾಡುತ್ತವೆ.

ಅವಳಿಗಳ ಲೆಕ್ಕ ಇಲ್ಲಿ ಬಹಳ ಸ್ಪಷ್ಟ. ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಕಡಲೆಕಾಯಿ ಅಲರ್ಜಿಯ ಅಧ್ಯಯನದಲ್ಲಿ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರುವುದು ಶೇ 64ರಷ್ಟು ಜೋಡಿಗಳಲ್ಲಿ ಕಂಡಿತು; ಸಾಮಾನ್ಯ ಅವಳಿಗಳಲ್ಲಿ ಶೇ 7 ಮಾತ್ರ. ಜೀನಿನ ಬಲ ದೊಡ್ಡದು ಎಂದಾಯಿತು. ಆದರೆ ಅದೇ ಸಂಖ್ಯೆಯನ್ನು ತಿರುಗಿಸಿ ನೋಡಿ: ಒಂದೇ ಡಿಎನ್‌ಎ ಇರುವ ಜೋಡಿಗಳಲ್ಲೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಒಬ್ಬರಿಗೆ ಇದೆ, ಇನ್ನೊಬ್ಬರಿಗಿಲ್ಲ.

ನಮ್ಮ ರಾಜ್ಯದ್ದೇ ಒಂದು ಮುಖ್ಯ ಅಧ್ಯಯನವಿದೆ. ಯುರೋಪಿನ ಯುರೋಪ್ರಿವಾಲ್ ಯೋಜನೆಯ ಭಾಗವಾಗಿ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಕರ್ನಾಟಕದ 11,000ಕ್ಕೂ ಹೆಚ್ಚು ವಯಸ್ಕರನ್ನು ಸಮೀಕ್ಷೆ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಹಾರದ ವಿರುದ್ಧ ರಕ್ತದಲ್ಲಿ ಐಜಿಇ ಇದ್ದವರ ಪ್ರಮಾಣ ಶೇ 26.5. ಆ ಆಹಾರ ತಿಂದು ನಿಜಕ್ಕೂ ತೊಂದರೆಯಾಗುವ, ಅಂದರೆ ಆಹಾರದ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ಮಕ್ಕಳಲ್ಲಿ ಇದೇ ಯೋಜನೆ ಕಂಡುಕೊಂಡದ್ದು ಇನ್ನೂ ಕಡಿಮೆ, ಶೇ 0.14. ಪರೀಕ್ಷೆಯಲ್ಲಿ 'ಪಾಸಿಟಿವ್' ಬಂದ ಬಹುಪಾಲು ಜನ ಅದೇ ಆಹಾರವನ್ನು ದಿನವೂ ಉಂಡು ಆರಾಮಾಗಿದ್ದಾರೆ ಎಂದರ್ಥ.

ಮಂಗಳೂರಿನ ಪ್ರಯೋಗಾಲಯಗಳಲ್ಲೂ ಈಗ ಒಂದೇ ರಕ್ತದ ಮಾದರಿಯಲ್ಲಿ ಹತ್ತಾರು ವಸ್ತುಗಳ 'ಪೂರ್ಣ ಅಲರ್ಜಿ ಪ್ಯಾನೆಲ್' ಮಾಡಿಸುವುದು ಸುಲಭ. ವರದಿಯಲ್ಲಿ ಸಿಗಡಿಯ ಎದುರು ಕೆಂಪು ಗುರುತು ಬಂದರೆ ಗಾಬರಿ. ಆದರೆ ಸಿಗಡಿಯ ಮುಖ್ಯ ಅಲರ್ಜಿಕಾರಕವಾದ ಟ್ರೊಪೊಮಯೋಸಿನ್ ಪ್ರೋಟೀನಿಗೆ ಮನೆಧೂಳಿನ ನುಸಿಗಳಲ್ಲೂ ಜಿರಲೆಯಲ್ಲೂ ಹತ್ತಿರದ ಬಂಧುಗಳಿದ್ದಾರೆ. ಆರು ತಿಂಗಳು ಹಾಸಿಗೆಯೇ ಒಣಗದ ನಮ್ಮ ಊರಿನಲ್ಲಿ ಧೂಳುನುಸಿಯ ವಿರುದ್ಧ ಐಜಿಇ ಬೆಳೆಸಿಕೊಂಡವರು ಸಿಗಡಿಯ ಪರೀಕ್ಷೆಯಲ್ಲೂ ಪಾಸಿಟಿವ್ ಆಗಬಹುದು, ಸಿಗಡಿ ಗಸಿ ಉಂಡು ಸುಖವಾಗಿಯೂ ಇರಬಹುದು. ತಿಂದರೆ ಏನಾಗುತ್ತದೆ ಎಂಬ ಕತೆ ಇಲ್ಲದೆ ಪ್ಯಾನೆಲ್ ಮಾಡಿಸುವುದು ನನ್ನ ಮಟ್ಟಿಗೆ ದುಡ್ಡು ಕೊಟ್ಟು ಭಯ ಕೊಂಡಂತೆ.

ಒಂದು ಪ್ರತಿ ಹೆಚ್ಚಾದರೆ

ಯಾವುದಕ್ಕೆ ಅಲರ್ಜಿ ಎಂಬುದು ಒಂದು ಪ್ರಶ್ನೆ. ಆದಾಗ ಎಷ್ಟು ಜೋರಾಗಿ ಆಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಜೀನಿನ ಉತ್ತರ ಸಿಗತೊಡಗಿರುವುದು ಈ ಹತ್ತು ವರ್ಷಗಳಲ್ಲಿ.

ಟ್ರಿಪ್ಟೇಸ್ ಕಿಣ್ವದಲ್ಲಿ ಆಲ್ಫಾ, ಬೀಟಾ ಎಂಬ ಬಗೆಗಳಿವೆ. ಇವುಗಳ ಸೂಚನೆ 16ನೇ ವರ್ಣತಂತುವಿನ ಒಂದು ಮೂಲೆಯಲ್ಲಿದೆ. ಜಗತ್ತಿನಲ್ಲಿ ಬಹಳ ಜನರಿಗೆ ಆಲ್ಫಾ ಬಗೆಯ ಪ್ರತಿಯೇ ಇಲ್ಲ. ಅವರಿಗೆ ಏನೂ ಕೊರತೆಯೂ ಆಗಿಲ್ಲ. ಕೆಲವರಲ್ಲಿ ಟಿಪಿಎಸ್‌ಎಬಿ1 ಎಂಬ ಜೀನ್ ನಕಲಾಗಿ ಒಂದೇ ವರ್ಣತಂತುವಿನ ಮೇಲೆ ಆಲ್ಫಾದ ಎರಡು ಮೂರು ಪ್ರತಿಗಳು ಸಾಲಾಗಿ ಕೂತಿರುತ್ತವೆ. ಇದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿಗಳು 2016ರಲ್ಲಿ ವಿವರಿಸಿ, ಆನುವಂಶಿಕ ಆಲ್ಫಾ ಟ್ರಿಪ್ಟೇಸಿಮಿಯಾ ಎಂದು ಕರೆದರು. ಯುರೋಪ್ ಮೂಲದ ಜನರಲ್ಲಿ ಶೇ 4ರಿಂದ 6ರಷ್ಟು ಮಂದಿಗೆ ಇದು ಇದೆ. ಆ ಸಂಖ್ಯೆಯನ್ನು ಎತ್ತಿ ತಂದು ತುಳುನಾಡಿಗೆ ಹೊಂದಿಸಬಾರದು. ಪ್ರತಿಗಳ ಎಣಿಕೆ ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆ.

ಇದು ಕಾಯಿಲೆಯೇ? ಇದ್ದವರಲ್ಲಿ ಬಹಳಷ್ಟು ಜನರಿಗೆ ಯಾವ ತೊಂದರೆಯೂ ಇಲ್ಲ. ಆದರೆ ಜೇನು, ಕಣಜಗಳ ವಿಷಕ್ಕೆ ಅಲರ್ಜಿ ಇರುವವರಲ್ಲಿ ಈ ಹೆಚ್ಚುವರಿ ಪ್ರತಿಯೂ ಇದ್ದರೆ ಪ್ರತಿಕ್ರಿಯೆ ತೀವ್ರವಾಗುವ ಸಂಭವ ಹೆಚ್ಚು. ರೇಡಿಯೊದಲ್ಲಿ ಯಾವ ಹಾಡು ಬರುತ್ತದೆ ಎನ್ನುವುದನ್ನು ಈ ಜೀನ್ ನಿರ್ಧರಿಸುವುದಿಲ್ಲ, ಧ್ವನಿಯ ತಿರುಗಣೆಯನ್ನು ಮಾತ್ರ ಏರಿಸಿಡುತ್ತದೆ. ಆಲ್ಫಾ, ಬೀಟಾ ಎರಡೂ ಬೆರೆತು ಕಟ್ಟಿದ ಟ್ರಿಪ್ಟೇಸ್ ರಕ್ತನಾಳಗಳ ಒಳಪದರವನ್ನು ಹೆಚ್ಚು ಸೋರುವಂತೆ ಮಾಡುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಅದೇ ಕಿಣ್ವ ಮಾಸ್ಟ್ ಕೋಶದ ಮೇಲಿನ ಇಎಂಆರ್2 ಎಂಬ ಗ್ರಾಹಿಯನ್ನು ಕತ್ತರಿಸಿ, ಕಂಪನಕ್ಕೆ ಕೋಶ ಬೇಗ ಸಿಡಿಯುವಂತೆಯೂ ಮಾಡುತ್ತದೆ.

ಈ ಇಎಂಆರ್2ಗೆ ತನ್ನದೇ ಒಂದು ಕತೆ ಇದೆ. ಲೆಬನಾನ್ ಮೂಲದ ಕೆಲವು ಕುಟುಂಬಗಳಲ್ಲಿ ಓಡಿದರೆ, ಚಪ್ಪಾಳೆ ತಟ್ಟಿದರೆ, ಟವೆಲಿನಿಂದ ಮೈ ಉಜ್ಜಿಕೊಂಡರೆ, ಕುಲುಕಾಡುವ ಬಸ್ಸಿನಲ್ಲಿ ಕೂತರೆ ಗಂಧೆ ಏಳುತ್ತಿತ್ತು. ಆ ಗ್ರಾಹಿಯ ಜೀನಿನ ಒಂದೇ ಅಕ್ಷರ ಬದಲಾಗಿದ್ದದ್ದು ಕಾರಣವೆಂದು 2016ರಲ್ಲಿ ಗೊತ್ತಾಯಿತು. (ಶಿರಾಡಿ ಘಾಟಿಯ ರಸ್ತೆ ಅವರ ಪಾಲಿಗೆ ಬರಲಿಲ್ಲ, ಸದ್ಯ.) ತಣ್ಣನೆಯ ಗಾಳಿ ತಾಗಿದರೆ ಗಂಧೆ ಏಳುವ ಕೆಲವು ಕುಟುಂಬಗಳಲ್ಲಿ ಪಿಎಲ್‌ಸಿಜಿ2 ಎಂಬ ಜೀನಿನ ತುಂಡು ಬಿದ್ದುಹೋಗಿರುವುದು 2012ರಲ್ಲೇ ಪತ್ತೆಯಾಗಿತ್ತು. ಇವು ತೀರಾ ಅಪರೂಪ. ಆದರೆ ನಮ್ಮಲ್ಲಿ ಗಂಧೆ ಎದ್ದವರಿಗೆ ಕಂಬಳಿಯಿಂದ ಮೈ ಉಜ್ಜುವ ಪದ್ಧತಿ ಇದೆಯಲ್ಲ, ಅದಕ್ಕೆ ಇಲ್ಲೊಂದು ಪಾಠವಿದೆ. ಉಜ್ಜುವುದೇ ಮಾಸ್ಟ್ ಕೋಶಗಳಿಗೆ ಪ್ರಚೋದನೆ. ಪುನರ್ಪುಳಿ ಶರಬತ್ತು ಕುಡಿಯುವುದರಿಂದ ಕೆಡುಕಿಲ್ಲ. ಕಂಬಳಿಯನ್ನು ಮಾತ್ರ ಮಡಿಸಿಡುವುದು ಒಳ್ಳೆಯದು.

ಹೆಚ್ಚುವರಿ ಆಲ್ಫಾ ಪ್ರತಿ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೆ ದಾಟುವ ಸಂಭವ ಅರ್ಧಕ್ಕರ್ಧ. ಸಂಬಂಧದಲ್ಲಿ ಮದುವೆಯಾದ್ದರಿಂದ ಹೀಗಾಯಿತು ಎಂದು ದೂರುವುದಕ್ಕೆ ಇಲ್ಲಿ ಆಧಾರವಿಲ್ಲ. ಸೋದರಮಾವನ ಮದುವೆಯಿಂದ ಹೆಚ್ಚುವುದು ಎರಡೂ ಕಡೆಯಿಂದ ಕೆಟ್ಟ ಪ್ರತಿ ಬರಬೇಕಾದ ಕಾಯಿಲೆಗಳು. ಇನ್ನೊಂದು ಮಾತು ಕರಾವಳಿಯವರಿಗೇ. ಅಳಿಯಸಂತಾನದ ನೆನಪಿರುವ ಮನೆಗಳಲ್ಲಿ ಕುಟುಂಬ ಎಂದರೆ ತಾಯಿಯ ಕಡೆ, ಬರಿ ಎಂದರೆ ತಾಯಿಯದ್ದು. ವೈದ್ಯರು 'ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ' ಎಂದರೆ ಅಜ್ಜಿ, ಮಾವ, ದೊಡ್ಡಮ್ಮ ನೆನಪಾಗುತ್ತಾರೆ. ಇಂಜೆಕ್ಷನ್ ಕೊಟ್ಟಾಗ ಕುಸಿದಿದ್ದ ತಂದೆಯ ತಂಗಿ ನೆನಪಾಗುವುದಿಲ್ಲ. ಜೀನಿಗೆ ಬರಿಯ ಲೆಕ್ಕ ಗೊತ್ತಿಲ್ಲ.

ಹುಟ್ಟಿದ ಮೇಲೆ ಕೆಟ್ಟ ಜೀನ್

ತೋಟದಲ್ಲಿ ಕುಸಿದವನ ವಿಷಯ ಬಾಕಿ ಇದೆ. ಮಾಸ್ಟ್ ಕೋಶ ಬೆಳೆಯಲು, ಬದುಕಲು ಕಿಟ್ ಎಂಬ ಗ್ರಾಹಿಯಿಂದ ಸಂದೇಶ ಬೇಕು. ಸಾಮಾನ್ಯವಾಗಿ ಅದು ಬೇಕಾದಾಗ ಚಾಲೂ, ಬೇಡವಾದಾಗ ಬಂದ್. ಈ ಗ್ರಾಹಿಯ 816ನೇ ಸ್ಥಾನದಲ್ಲಿ ಒಂದು ಅಮೈನೊ ಆಮ್ಲ ಬದಲಾದರೆ ಗುಂಡಿ ಒತ್ತಿದಲ್ಲೇ ಸಿಕ್ಕಿಬೀಳುತ್ತದೆ, ಬಂದ್ ಆಗುವುದೇ ಇಲ್ಲ. ಡಿ816ವಿ ಎಂದು ಕರೆಯುವ ಈ ಬದಲಾವಣೆ ನಡೆಯುವುದು ಅಸ್ಥಿಮಜ್ಜೆಯ ಯಾವುದೋ ಒಂದು ಕೋಶದಲ್ಲಿ, ಹುಟ್ಟಿದ ಎಷ್ಟೋ ಕಾಲದ ನಂತರ. ಆ ಕೋಶದ ಸಂತತಿ ಮೆಲ್ಲಗೆ ಹೆಚ್ಚುತ್ತದೆ. ಇದೇ ಮಾಸ್ಟೋಸೈಟೋಸಿಸ್. ದೇಹವಿಡೀ ಹರಡುವ ರೂಪವಿರುವ ವಯಸ್ಕರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಈ ಒಂದೇ ಬದಲಾವಣೆ ಕಾಣುತ್ತದೆ. ಬೀಜ, ಅಂಡಾಣುಗಳಲ್ಲಿ ಅದು ಇಲ್ಲ. ಹಾಗಾಗಿ ಮಕ್ಕಳಿಗೆ ಹೋಗುವುದಿಲ್ಲ. ಒಂದೇ ಕುಟುಂಬದಲ್ಲಿ ಹಲವರಿಗೆ ಬರುವ ಮಾಸ್ಟೋಸೈಟೋಸಿಸ್ ಇದೆ, ಆದರೆ ಬೆರಳೆಣಿಕೆಯಷ್ಟು. (ಇದೇ ಕಿಟ್ ಜೀನ್ ತಿರುವುಮುರುವಾಗಿ ಕೆಟ್ಟು ಕೆಲಸವನ್ನೇ ನಿಲ್ಲಿಸಿದರೆ ಹುಟ್ಟಿನಿಂದಲೇ ಹಣೆಯ ಮೇಲೆ ಬಿಳಿ ಕೂದಲಿನ ಗೊಂಚಲು ಬರುತ್ತದೆ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಗೂ ಕಿಟ್ ಬೇಕು.)

ಮಕ್ಕಳಲ್ಲಿ ಬರುವ ಚರ್ಮದ ರೂಪ ಬೇರೆ. ಮೈಮೇಲೆ ಕಂದು ಕಲೆಗಳು, ಉಜ್ಜಿದರೆ ಅವು ಊದಿಕೊಳ್ಳುತ್ತವೆ. ಬಹುಪಾಲು ಮಕ್ಕಳಲ್ಲಿ ಹರೆಯದ ಹೊತ್ತಿಗೆ ತಾನಾಗಿ ಮಾಸುತ್ತದೆ. ಹೆತ್ತವರು ನಾಗದೋಷದ ಪರಿಹಾರಕ್ಕೆ ಓಡುವ ಮುನ್ನ ಚರ್ಮತಜ್ಞರನ್ನು ಕಂಡರೆ ಸಾಕು.

ವಯಸ್ಕರಲ್ಲಿ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಮೊದಲ ಸುಳಿವೇ ಜೇನುಕುಟುಕಿನ ಕುಸಿತ ಆಗಿರಬಹುದು. ಸ್ಪೇನಿನ ತಜ್ಞರು ಮಾಡಿದ ಅಂಕಪಟ್ಟಿಯೊಂದನ್ನು ವೈದ್ಯರು ಬಳಸುತ್ತಾರೆ. ಗಂಡಸು, ಪ್ರಜ್ಞೆ ತಪ್ಪುವಷ್ಟು ಕುಸಿತ, ಆದರೆ ಗಂಧೆಯಾಗಲಿ ಊತವಾಗಲಿ ಇಲ್ಲ: ಇಂಥವರಲ್ಲಿ ಮಾಸ್ಟೋಸೈಟೋಸಿಸ್ ಸಂಶಯ ಏರುತ್ತದೆ. ಅಂದರೆ ನಮ್ಮ ಜನ ಯಾವುದನ್ನು ಅಲರ್ಜಿ ಅಲ್ಲ ಎನ್ನಲು ಸಾಕ್ಷಿ ಮಾಡುತ್ತಾರೋ, ಆ ಗಂಧೆ ಇಲ್ಲದಿರುವಿಕೆಯೇ ಹೆಚ್ಚು ಅಪಾಯದ ಗುರುತು. ನೂರಾರು ಹೆಜ್ಜೇನು ಒಮ್ಮೆಗೇ ಮುತ್ತಿ ಆಗುವ ಸಾವುಗಳು ಬೇರೆ, ಅಲ್ಲಿ ಕೊಲ್ಲುವುದು ವಿಷದ ಪ್ರಮಾಣ. ಒಂದೇ ಕುಟುಕಿಗೆ ಕುಸಿಯುವುದನ್ನು ಅದರೊಂದಿಗೆ ಸೇರಿಸಬಾರದು.

ಮಾಸ್ಟೋಸೈಟೋಸಿಸ್ ಹತ್ತು ಸಾವಿರಕ್ಕೆ ಒಬ್ಬರ ಆಸುಪಾಸಿನ ಕಾಯಿಲೆ. ಇಂಟರ್‌ನೆಟ್ ನೋಡಿದರೆ ಹಾಗನ್ನಿಸದು. ದಣಿವು, ಹೊಟ್ಟೆಯುಬ್ಬರ, ತಲೆನೋವು ಎಲ್ಲಕ್ಕೂ 'ಮಾಸ್ಟ್ ಕೋಶಗಳ ಅತಿಚಟುವಟಿಕೆ' ಎಂದು ಹಣೆಪಟ್ಟಿ ಅಂಟಿಸುವ ವಿಡಿಯೊಗಳು ಬೇಕಾದಷ್ಟಿವೆ. ಅದು ನಿಜವಾದ ಕಾಯಿಲೆಯೇ, ಆದರೆ ಮೂರು ಷರತ್ತು ಒಟ್ಟಿಗೆ ಕೂಡಬೇಕು: ದೇಹದ ಎರಡಕ್ಕಿಂತ ಕಡಿಮೆಯಿಲ್ಲದ ವ್ಯವಸ್ಥೆಗಳಲ್ಲಿ ಬಂದುಹೋಗುವ ಲಕ್ಷಣ, ಆ ಹೊತ್ತಿನಲ್ಲಿ ಟ್ರಿಪ್ಟೇಸ್ ಏರಿಕೆ, ಮತ್ತು ಮಾಸ್ಟ್ ಕೋಶದ ಮದ್ದಿಗೆ ಉಪಶಮನ.

ನಾಲ್ಕು ಗಂಟೆಯ ಕಿಟಕಿ

ಬಂಗುಡೆಯೇ, ಜೀನೇ, ಗಾಬರಿಯೇ ಎಂದು ಬೇರ್ಪಡಿಸುವಲ್ಲಿ ಹೆಚ್ಚು ಸಹಾಯ ಮಾಡುವುದು ದುಬಾರಿ ಜೀನ್ ಪರೀಕ್ಷೆಯಲ್ಲ, ರಕ್ತದ ಟ್ರಿಪ್ಟೇಸ್. ಪ್ರತಿಕ್ರಿಯೆ ಶುರುವಾದ ಒಂದೆರಡು ಗಂಟೆಗೆ ಅದು ಶಿಖರ ಮುಟ್ಟಿ ಇಳಿಯತೊಡಗುತ್ತದೆ. ನಾಲ್ಕು ಗಂಟೆಯೊಳಗೆ ಒಂದು ಮಾದರಿ, ಪೂರ್ತಿ ಸುಧಾರಿಸಿ ಒಂದು ದಿನವಾದರೂ ಕಳೆದ ಮೇಲೆ ಇನ್ನೊಂದು. ಎರಡನೆಯದು ಆ ವ್ಯಕ್ತಿಯ ಮೂಲಮಟ್ಟ. ಮೂಲಮಟ್ಟವನ್ನು 1.2ರಿಂದ ಗುಣಿಸಿ 2 ಸೇರಿಸಿ. ಪ್ರತಿಕ್ರಿಯೆಯ ಹೊತ್ತಿನ ಸಂಖ್ಯೆ ಅದಕ್ಕಿಂತ ಹೆಚ್ಚಿದ್ದರೆ ಮಾಸ್ಟ್ ಕೋಶ ಸಿಡಿದದ್ದು ನಿಜ. ಒಬ್ಬರಿಗೆ ಆ ಹೊತ್ತಿನಲ್ಲಿ 9 ಇತ್ತು ಎನ್ನಿ. ಪ್ರಯೋಗಾಲಯ ಸಾಮಾನ್ಯವಾಗಿ 11.4ರವರೆಗೆ ಸಹಜ ಎಂದು ಮುದ್ರಿಸುತ್ತದೆ, ಹಾಗಾಗಿ 'ನಾರ್ಮಲ್' ಎಂದು ಮನೆಗೆ ಕಳಿಸುತ್ತಾರೆ. ಆದರೆ ಮೂಲಮಟ್ಟ 4 ಎಂದಾದರೆ ಮಿತಿ 6.8. ಒಂದೇ ಮಾದರಿ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಕೆಟ್ಟ ಮೀನಿನ ಹಿಸ್ಟಮೀನ್‌ನಿಂದ ಆದದ್ದಾದರೆ ಟ್ರಿಪ್ಟೇಸ್ ಏರುವುದಿಲ್ಲ, ಕೋಶವೇ ಸಿಡಿದಿಲ್ಲವಲ್ಲ. ಆಹಾರದಿಂದ ಬರುವ ಅನಾಫೈಲ್ಯಾಕ್ಸಿಸ್‌ನಲ್ಲೂ ಕೆಲವೊಮ್ಮೆ ಏರದಿರುವುದರಿಂದ, ಏರದಿದ್ದರೆ ಅಲರ್ಜಿ ಇಲ್ಲವೆಂದು ಸಾರಲು ಬರುವುದಿಲ್ಲ. ಏರಿದರೆ ಮಾತ್ರ ಸಾಕ್ಷಿ ಗಟ್ಟಿ.

ಮೂಲಮಟ್ಟವೇ 8ಕ್ಕಿಂತ ಹೆಚ್ಚಿದ್ದರೆ ಹೆಚ್ಚುವರಿ ಆಲ್ಫಾ ಪ್ರತಿಯ ಯೋಚನೆ, 20 ದಾಟಿದರೆ ಮಾಸ್ಟೋಸೈಟೋಸಿಸ್ ಯೋಚನೆ. ಮೂತ್ರಪಿಂಡ ಸೋತವರಲ್ಲೂ ಏರಿರುತ್ತದೆ ಎಂಬುದು ನೆನಪಿರಲಿ. ಜೀನ್ ಪರೀಕ್ಷೆಯ ಸರದಿ ಆಮೇಲೆ, ಅದೂ ಸರಿಯಾದದ್ದು. ಟ್ರಿಪ್ಟೇಸ್ ಜೀನ್‌ಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಡಿಎನ್‌ಎಯನ್ನು ಚೂರುಚೂರು ಮಾಡಿ ಓದುವ ಸಾಮಾನ್ಯ ವಿಧಾನದಲ್ಲಿ ಪ್ರತಿಗಳ ಎಣಿಕೆ ತಪ್ಪಿಹೋಗುತ್ತದೆ. ಹನಿಹನಿಯಾಗಿ ಎಣಿಸುವ ವಿಶೇಷ ಪಿಸಿಆರ್ ಬೇಕು. ಡಿ816ವಿ ಕೂಡ ರಕ್ತದಲ್ಲಿ ಸಾವಿರಾರು ಕೋಶಗಳ ನಡುವೆ ಒಂದರಲ್ಲಿರಬಹುದು. ಉಗುಳು ಕಳಿಸಿದರೆ ಅಲರ್ಜಿಯ ಜಾತಕ ಬರೆದುಕೊಡುವ ಕಿಟ್‌ಗಳು ಈ ಎರಡನ್ನೂ ಹಿಡಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಪೂರ್ಣ ಜೀನೋಮ್ ಓದಿ, 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿಟ್ಟಿದೆ. ಟ್ರಿಪ್ಟೇಸ್‌ನಂಥ ಮೂಲೆಗಳನ್ನು ಅದರಿಂದ ಓದಿ ತೆಗೆಯಲು ವಿಶೇಷ ಲೆಕ್ಕಾಚಾರ ಬೇಕಾಗುತ್ತದೆ.

ಮಾಸ್ಟೋಸೈಟೋಸಿಸ್ ಎಂದು ತಿಳಿದರೆ ಲಾಭವೇನು? ಜೇನುವಿಷಕ್ಕೆ ದೇಹವನ್ನು ಹಂತಹಂತವಾಗಿ ಒಗ್ಗಿಸುವ ಚಿಕಿತ್ಸೆಯನ್ನು ಉಳಿದವರು ಕೆಲವು ವರ್ಷಕ್ಕೆ ನಿಲ್ಲಿಸಬಹುದು, ಇವರು ಜೀವನಪೂರ್ತಿ ಮುಂದುವರಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಹೇಳಬೇಕು. ಕಾಯಿಲೆ ಉಲ್ಬಣಿಸಿದರೆ ಕೆಟ್ಟ ಕಿಟ್ ಗ್ರಾಹಿಯನ್ನೇ ಗುರಿಯಾಗಿಸುವ ಮಿಡೋಸ್ಟಾರಿನ್, ಅವಪ್ರಿಟಿನಿಬ್ ಎಂಬ ಮದ್ದುಗಳಿವೆ. ಅಮೆರಿಕದಲ್ಲಿ 2017 ಮತ್ತು 2021ರಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದವು.

ತೊಡೆಗೆ ಅರ್ಧ ಮಿಲಿಲೀಟರ್

ಕುಸಿಯುತ್ತಿರುವ ಹೊತ್ತಿನಲ್ಲಿ ಮಾತ್ರ ಈ ಜೀನುಗಳ ಭೇದ ಯಾವುದೂ ಲೆಕ್ಕಕ್ಕಿಲ್ಲ. ಯಾವ ಕಾರಣದ ಅನಾಫೈಲ್ಯಾಕ್ಸಿಸ್‌ಗೂ ಮೊದಲ ಮದ್ದು ಅಡ್ರಿನಲಿನ್. ತೊಡೆಯ ಹೊರಬದಿಯ ಸ್ನಾಯುವಿಗೆ, ವಯಸ್ಕರಿಗೆ 0.5 ಮಿಲಿಗ್ರಾಂ, ಅಂದರೆ ಸಾಮಾನ್ಯ ಆಂಪೂಲಿನ ಅರ್ಧ ಮಿಲಿಲೀಟರ್. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ಸುಧಾರಿಸದಿದ್ದರೆ ಐದರಿಂದ ಹದಿನೈದು ನಿಮಿಷಕ್ಕೆ ಮತ್ತೊಮ್ಮೆ. ಅವಿಲ್, ಸ್ಟೀರಾಯ್ಡ್ ಚುಚ್ಚಿ ಕಾಯುವುದು ನಮ್ಮಲ್ಲಿ ಇನ್ನೂ ಹೋಗದ ಚಾಳಿ. ಗಂಧೆಗೆ ಅವಿಲ್ ಸರಿ. ಕುಸಿದ ರಕ್ತದೊತ್ತಡವನ್ನು, ಮುಚ್ಚುತ್ತಿರುವ ಗಂಟಲನ್ನು ಅದು ಎತ್ತುವುದಿಲ್ಲ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಿಗೆ ಕಷ್ಟವಾದರೆ ಮಾತ್ರ ಒರಗಿಸಿ ಕೂರಿಸಬಹುದು. ಎಬ್ಬಿಸಿ ನಡೆಸಿಕೊಂಡು ಆಟೊ ಹತ್ತಿಸುವುದೇ ಕೆಲವರ ಪ್ರಾಣ ತೆಗೆದಿದೆ, ಹೃದಯಕ್ಕೆ ಮರಳುವ ರಕ್ತ ಆಗಲೇ ಕಡಿಮೆಯಾಗಿರುತ್ತದೆ.

ದಕ್ಷಿಣ ಕನ್ನಡದಲ್ಲಿ ಎಂಟು ವೈದ್ಯಕೀಯ ಕಾಲೇಜುಗಳಿವೆ. ಸುಳ್ಯದ ಒಂದನ್ನು ಬಿಟ್ಟರೆ ಉಳಿದವೆಲ್ಲ ಮಂಗಳೂರು ಮತ್ತು ಸುತ್ತಮುತ್ತ. ಹೆಜ್ಜೇನು ಇರುವುದು ಬೆಳ್ತಂಗಡಿ, ಕಡಬದ ಕಡೆಯ ಕಾಡಂಚಿನಲ್ಲಿ. ಬ್ರಿಟನ್ನಿನ ಸಾವುಗಳ ದಾಖಲೆ ಪರಿಶೀಲಿಸಿ 2000ದಲ್ಲಿ ಪ್ರಕಟವಾದ ಲೆಕ್ಕದಂತೆ, ಕೀಟಗಳ ವಿಷದಿಂದ ಸತ್ತವರಲ್ಲಿ ಹೃದಯ ಅಥವಾ ಉಸಿರು ನಿಲ್ಲಲು ಹಿಡಿದ ಮಧ್ಯಮ ಅವಧಿ 15 ನಿಮಿಷ, ಆಹಾರದಿಂದಾದರೆ 30, ಆಸ್ಪತ್ರೆಯಲ್ಲಿ ಕೊಟ್ಟ ಔಷಧದಿಂದಾದರೆ 5. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. 108ಕ್ಕೆ ಕರೆ ಮಾಡಬೇಕು, ಆದರೆ 'ನೇರ ಮಂಗಳೂರಿಗೇ ಒಯ್ಯಿರಿ' ಎನ್ನುವುದರಲ್ಲಿ ಆ ಹದಿನೈದು ನಿಮಿಷ ಮುಗಿದುಹೋಗುತ್ತದೆ. ಅಡ್ರಿನಲಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಅಗ್ಗದ ಮದ್ದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಊರಿನ ಚಿಕ್ಕ ಕ್ಲಿನಿಕ್ಕಿನಲ್ಲಿ ಮೊದಲ ಚುಚ್ಚುಮದ್ದು ಆಗಿ, ಪ್ರಯಾಣ ಆಮೇಲೆ. ಒಮ್ಮೆ ಕುಸಿದವರು ಆಂಪೂಲ್, ಸಿರಿಂಜ್ ಮನೆಯಲ್ಲಿಟ್ಟುಕೊಳ್ಳುವುದರ ಬಗ್ಗೆ ತಮ್ಮ ವೈದ್ಯರನ್ನು ಕೇಳಿ, ತುಂಬಿಸುವುದು ಹೇಗೆ, ಎಲ್ಲಿ ಚುಚ್ಚುವುದು ಎಂದು ಮನೆಯವರೂ ಅವರ ಮುಂದೆಯೇ ಮಾಡಿ ಕಲಿಯಬೇಕು. ರಕ್ತದೊತ್ತಡಕ್ಕೆ ಬೀಟಾ ತಡೆಯ ಮಾತ್ರೆ ನುಂಗುತ್ತಿರುವವರು ಅದನ್ನೂ ತಿಳಿಸಲಿ, ಅಡ್ರಿನಲಿನ್ ಅವರಲ್ಲಿ ಮಂದವಾಗಿ ಕೆಲಸ ಮಾಡಬಹುದು. ಸುಧಾರಿಸಿ ಮನೆಗೆ ಬಂದ ಮೇಲೆ, ಎರಡನೆಯ ಟ್ರಿಪ್ಟೇಸ್ ಮಾದರಿ ಕೊಡಲು ಮತ್ತೊಮ್ಮೆ ಹೋಗುವುದು ಬಾಕಿ ಇರುತ್ತದೆ.